ಅಪ್ಪನ ತುರಟಿ

ಅಪ್ಪ ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿ ಬಣ್ಣ ಹಾಕುವ ಖಾತೆಗೆ ಹೋಗುತ್ತಿದ್ದ. ಹಾಗಾಗಿ ಮನೆಯಲ್ಲಿ ಬಣ್ಣದ ಮಾತು ಬಂದರೆ ಮೀಸೆ ತಿರುವಿಕೊಂಡೇ ಮಾತಾಡುತ್ತಿದ್ದ. ಹಿಂದಿನ ದೀಪಾವಳಿಗೆ ಅವನು ಅದ್ದಿಕೊಟ್ಟ ಕುಪ್ಪಸ ಒಂದೇ ಒಗೆತಕ್ಕೆ ಅವನ ಧೋತರವನ್ನೂ ಗುಲಾಬಿ ಮಾಡಿತ್ತು. ಅದಕ್ಕೆ ನೀರಿನ ದೋಷ ಅಂದಿದ್ದ.

ಅಕ್ಕಲಕೋಟದಿಂದ ನನ್ನನ್ನು ನೋಡಲು ಬರುವವರಿದ್ದರು. ಹೊಸ ಸೀರೆ ತರುವ ಅನುಕೂಲವಿರಲಿಲ್ಲ. ತೊಳೆದು ತೊಳೆದು ಬಿಳಿಚಿಕೊಂಡಿದ್ದ ಅವ್ವನ ಮದುವೆ ಸೀರೆಯನ್ನು ಅಪ್ಪ ಹಂಡೆಗಿಳಿಸಿ ಕೆಂಪಗೆ ಅದ್ದಿದ. ಬಣ್ಣ ಕಚ್ಚಿ ನಿಲ್ಲಲು ತುರಟಿ, ಅಂದರೆ ಪಟಿಕ, ಹಾಕಿದ ನೀರಿನಲ್ಲಿ ನೆನೆಸೋಣ ಎಂದಳು ಅವ್ವ.

"ತುರಟಿ ಗದ್ದಕ್ಕ ಉಜ್ಜೂದು, ಸೀರಿಗಲ್ಲ. ನಾ ಹಾಕಿದ ಬಣ್ಣ ಹೋಗಂಗಿಲ್ಲ," ಅಂದ ಅಪ್ಪ.

"ಹೌದ್ರಿ, ನಿಮ್ಮ ಧೋತರಾನ ಹೇಳತೈತಲ್ಲ."

ಅವ್ವನ ಅಂಜಿಕೆಯೆಲ್ಲ ಉಡಿಯದ್ದು. ಹುಡುಗಿ ಮನಸ್ಸಿಗೆ ಬಂದರೆ ಅವರು ಸೆರಗಿಗೆ ಅಕ್ಕಿ, ತೊಳೆದ ತೆಂಗಿನಕಾಯಿ ಹಾಕಿ ಉಡಿ ತುಂಬುತ್ತಾರೆ. ಒದ್ದೆ ಕಾಯಿ ತಾಗಿ ಬಣ್ಣ ಬಿಟ್ಟರೆ ಅಕ್ಕಿ ಕೆಂಪಾಗಿ ಬೀಗರೆದುರೇ ಮಾನ ಹೋಗುತ್ತದೆ. ಅಪ್ಪ ಗಿರಣಿಗೆ ಹೋದದ್ದೇ ತಡ, ಗೂಡಿನಲ್ಲಿದ್ದ ಅವನ ಗಡ್ಡದ ತುರಟಿಯನ್ನೇ ಕುಟ್ಟಿ, ಬಿಸಿನೀರಿಗೆ ಹಾಕಿ, ಸೀರೆ ಮುಳುಗಿಸಿದಳು.

ನೋಡುವ ದಿನ ಮುಂಜಾನೆ ಅಪ್ಪ ಅವಸರದಲ್ಲಿ ಗಡ್ಡ ಹೆರೆಯುತ್ತ ಗದ್ದ ಕೊಯ್ದುಕೊಂಡ. ರಕ್ತ ನಿಲ್ಲಿಸಲು ಗೂಡಿನಲ್ಲಿ ಕೈಯಾಡಿಸಿದ, ತುರಟಿ ಸಿಗಲಿಲ್ಲ. ಅವ್ವ ಒಲೆಗೆ ಮುಖ ಮಾಡಿ ಉಪ್ಪಿಟ್ಟು ತಿರುವುತ್ತಲೇ ಇದ್ದಳು. ಅಪ್ಪ ಅವಳ ಬೆನ್ನನ್ನೊಮ್ಮೆ ನೋಡಿ, ಗಾಯಕ್ಕೆ ಅರಿಷಿಣ ಒತ್ತಿಕೊಂಡು ಹೋಗಿ ಬಂದವರ ನಡುವೆ ಕೂತ.

ಹುಡುಗನ ಅಜ್ಜ ಅವನನ್ನೇ ನೋಡಿ, "ನಮ್ಮ ಕಡೆ ಮೈಲಾರನ ಭಂಡಾರದ ಅರಿಷಿಣ ಹಣೀಗೆ ಹಚ್ಚತಾರ. ನಿಮ್ಮಲ್ಲಿ ಗದ್ದಕ್ಕೇನ್ರಿ?" ಅಂದ.

"ಹಣಿ ತುಂಬಿತ್ರಿ," ಅಂದ ಅಪ್ಪ. ಅಜ್ಜ ಭಕ್ತಿಯಿಂದ ಕೈಮುಗಿದ.

ಹುಡುಗನ ತಾಯಿ ಉಡಿ ತುಂಬಿದಾಗ ಕಾಯಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಹೋಗಿ ಅವ್ವ ಸೆರಗು ಬಿಚ್ಚಿ ನೋಡಿದಳು. ಅಕ್ಕಿ ಬೆಳ್ಳಗೇ ಇತ್ತು. ಬಾಗಿಲಲ್ಲಿ ಇಣುಕಿದ ಅಪ್ಪ, "ನಾ ಹಾಕಿದ ಬಣ್ಣ, ಹೋಗತೈತೇನು?" ಅಂದ.

"ಎಲ್ಲಿ ಹೋಗತೈತ್ರಿ," ಅಂದಳು ಅವ್ವ. ನಾನು ಸೆರಗು ಕಚ್ಚಿಕೊಂಡು ನಗು ತಡೆದೆ.

ಮದುವೆಯಾಗಿ ಅಕ್ಕಲಕೋಟದ ಬಸ್ ಹತ್ತಿದಾಗ ಅಪ್ಪ ಕಿಟಕಿಯಿಂದ ಒಂದು ಸಣ್ಣ ಗಂಟು ಕೊಟ್ಟ. ಬಿಚ್ಚಿದರೆ ಮುಷ್ಟಿಯಷ್ಟು ತುರಟಿ. ಅಲ್ಲಿಯವರೆಗೆ ತಡೆದಿದ್ದ ಅಳು ನಗುವಿನ ಜೊತೆಗೇ ಬಂತು.

"ಇದು ಸೀರಿಗೆ," ಅಂದ. "ಅಳಿಯನ ಗಡ್ಡದ್ದು ಮುಟ್ಟಬ್ಯಾಡ. ನಂಗ ಗೊತ್ತೈತಂತ ನಿಮ್ಮವ್ವಗ ಹೇಳಬ್ಯಾಡ."