ಗೆರಸಿಯಲ್ಲಿ ಬಿದ್ದ ಹಿಮ

ಚಿತ್ರದ ಪುಸ್ತಕ ತೆರೆದ ಕೂಡಲೇ ಅದರೊಳಗಿನದನ್ನು ಮಾಡಿ ನೋಡಲು ಕತ್ತರಿ, ಅಂಟು ಹುಡುಕುವ ಅಭ್ಯಾಸ ನಿಮ್ಮಿಬ್ಬರದು. ಅದು ನಮ್ಮ ಮನೆಯಲ್ಲಿ ಶುರುವಾದದ್ದು ನಿಮ್ಮ ಅಕ್ಕ ಎರಡನೇ ಇಯತ್ತೆಯಲ್ಲಿದ್ದಾಗ. ನೀವು ಆಗ ಹುಟ್ಟಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ, ನಾನು ಮಲ್ಲಾಪುರದ ಕ್ವಾರ್ಟರ್ಸಿಗೆ ನಿಮ್ಮ ಅಮ್ಮನ ಹತ್ತಿರ ಬಂದಿದ್ದೆ.

ಆ ಜುಲೈನಲ್ಲಿ ನಿಮ್ಮ ಅಕ್ಕನ ಶಾಲೆಗೆ ಮನೆಯ ಹಿರಿಯರೊಬ್ಬರು ಹೋಗಿ, ಮಗುವಿನ ಜೊತೆ ಸೇರಿ ಒಂದು ಚಿತ್ರದ ಪುಸ್ತಕದ ಕಥೆ ಹೇಳಬೇಕಿತ್ತು. ಕಥೆಗೆ ತಕ್ಕಂತೆ ಏನಾದರೂ ಕೈಯಾರೆ ಮಾಡಿಕೊಂಡೂ ಹೋಗಬೇಕಿತ್ತು. ಅಕ್ಕ ನನ್ನನ್ನು ಕೇಳದೆಯೇ ನನ್ನ ಹೆಸರು ಕೊಟ್ಟು ಬಂದಿದ್ದಳು.

"ಮಂದಿ ಮುಂದೆ ಮಾತಾಡೂಕೆ ನಂಗೆ ಬರೂದಿಲ್ಲ ತಂಗಿ," ಎಂದೆ ಅವಳಿಗೆ.

"ಮನೇಲಿ ಬಾಯಿ ಮುಚ್ಚೂದೇ ಇಲ್ಲ ನೀನು."

"ಮನೆ ಬೇರೆ."

"ಹಂಗಾರೆ ನಾ ಓದ್ತೆ. ನೀ ಮಾಡಿದ್ದನ್ನ ಎತ್ತಿ ತೋರ್ಸು. ಸಾಕಾ?"

"ಅಡ್ಡಿಲ್ಲ," ಎಂದೆ. ಮಾತಾಡಬೇಕಿಲ್ಲ ಎಂದಾದ ಮೇಲೆ ಎಷ್ಟು ಕೆಲಸವಾದರೂ ಮಾಡುವವಳು ನಾನು.

ರಾಮನಗುಳಿಯ ಹತ್ತಿರ ನಾನು ಓದಿದ ಶಾಲೆ ಒಂದೇ ಕೋಣೆಯದು. ಮಾಸ್ತರರ ಕಪಾಟಿನಲ್ಲಿ ಬಣ್ಣದ ಚಿತ್ರಗಳಿದ್ದ ಪುಸ್ತಕ ಒಂದೇ ಒಂದು. ಶನಿವಾರ ಯಾರು ಎದ್ದು ನಿಂತು ಕಥೆ ಹೇಳುತ್ತಾರೋ ಅವರಿಗೆ ಅದನ್ನು ಒಂದು ತಾಸು ನೋಡಲು ಕೊಡುತ್ತಿದ್ದರು. ನನಗೆ ಕಥೆಗಳು ಬರುತ್ತಿದ್ದವು. ಎದ್ದು ನಿಲ್ಲುತ್ತಿದ್ದೆ, ಮೊದಲ ಸಾಲಿನಲ್ಲೇ ತಡವರಿಸುತ್ತಿದ್ದೆ. "ಅಡ್ಡಿಲ್ಲ, ಕೂತ್ಕ ತಂಗಿ," ಎನ್ನುತ್ತಿದ್ದರು ಮಾಸ್ತರರು. ಬೈದವರಲ್ಲ. ಏಳನೆಯವರೆಗೆ ಓದಿದೆ, ಆ ಪುಸ್ತಕ ನನ್ನ ಕೈಗೆ ಬರಲೇ ಇಲ್ಲ. ಬೇರೆಯವರ ಹೆಗಲ ಮೇಲಿಂದ ಇಣುಕಿದಾಗ ಕಂಡ ಒಂದು ನೀಲಿ ಹಕ್ಕಿಯ ಬಾಲ ಈಗಲೂ ಕಣ್ಣಿನಲ್ಲಿದೆ.

ಅಕ್ಕನ ಪುಸ್ತಕ ಹಿಮ ಬೀಳುವ ಊರಿನದು. ದಾರಿ ತಪ್ಪಿದ ಕುರಿಮರಿಯೊಂದು ಹಿಮದ ಮೇಲೆ ಮೂಡಿದ್ದ ತನ್ನದೇ ಹೆಜ್ಜೆಗಳನ್ನು ಹಿಡಿದು ಮನೆಗೆ ಮರಳುವ ಕಥೆ. ಹಿಮವನ್ನು ಅವಳೂ ನೋಡಿಲ್ಲ, ನಾನೂ ನೋಡಿಲ್ಲ. ಅಕ್ಕಿ ಕೇರುವ ಗೆರಸಿಯಲ್ಲಿ ಆ ಊರು ಕಟ್ಟಿದೆವು. ತೆಂಗಿನ ಪೊರಕೆಯ ಹಿಡಿಕಡ್ಡಿಯ ಬೇಲಿ, ಬೆಂಕಿಪೊಟ್ಟಣದ ಮನೆ, ಹಳೆಯ ದಿಂಬಿನ ಹತ್ತಿಯ ಕುರಿಮರಿ. ಹಿಮಕ್ಕೆ ಏನು ಎಂದು ಅವಳು ಕೇಳಿದಾಗ ಡಬ್ಬಿಯಿಂದ ಎರಡು ಬೊಗಸೆ ಕಲ್ಲುಪ್ಪು ಸುರಿದೆ. ಬೆಂಕಿಕಡ್ಡಿಯ ತುದಿಯಿಂದ ಅವಳು ಒಂದೊಂದೇ ಹೆಜ್ಜೆ ಒತ್ತಿದಳು. ಅಂದು ಅಪರೂಪಕ್ಕೆ ಬಿಸಿಲು ಬಿದ್ದಿತ್ತು, ಉಪ್ಪು ಥಳಥಳ ಹೊಳೆಯಿತು. ಯಾರೂ ಮುಟ್ಟಬಾರದೆಂದು ಟವೆಲ್ ಮುಚ್ಚಿ ಕಪಾಟಿನ ಮೇಲಿಟ್ಟೆವು.

ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಐದನೆಯ ದಿನ ಅವಳು ಕೊಡೆ ಹಿಡಿದಳು, ನಾನು ಗೆರಸಿ ಹಿಡಿದು ಶಾಲೆಗೆ ನಡೆದೆ. ಸೀರೆ ಒದ್ದೆಯಾದದ್ದು ಮಳೆಗೆ ಎಂದುಕೊಂಡೆ.

ತರಗತಿಯಲ್ಲಿ ಟವೆಲ್ ತೆಗೆದೆ. ಹಿಮವಿರಲಿಲ್ಲ. ಬೂದು ಬಣ್ಣದ ನೀರು, ಅಲ್ಲೊಂದು ಇಲ್ಲೊಂದು ಹರಳು. ಕುರಿಮರಿ ಒದ್ದೆಯಾಗಿ ಮಗುಚಿ ಬಿದ್ದಿತ್ತು. ಹೆಜ್ಜೆ ಒಂದೂ ಉಳಿದಿರಲಿಲ್ಲ. ಮಕ್ಕಳು ಕಿಸಕ್ಕನೆ ನಕ್ಕರು. ಪುಸ್ತಕ ಹಿಡಿದ ಅಕ್ಕ ಎರಡು ಸಾಲು ಓದಿದಳು, ಮೂರನೆಯದಕ್ಕೆ ದನಿ ಬರಲಿಲ್ಲ, ಕಣ್ಣು ತುಂಬಿತು.

"ಪರವಾಗಿಲ್ಲ, ಕೂತ್ಕೋ ಪುಟ್ಟಿ," ಎಂದರು ಟೀಚರ್.

ಅವಳು ಕೂರಲು ತಿರುಗಿದಳು. ಆ ಮಾತಿಗೆ ಕೂತರೆ ಆಮೇಲೆ ಏಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಅವಳ ಕೈ ಹಿಡಿದೆ.

"ತಪ್ಪು ನಂದು," ಎಂದೆ. "ಇದು ಹಿಮ ಅಲ್ಲ, ಉಪ್ಪು. ಮಳೆಗಾಲದಲ್ಲಿ ಉಪ್ಪು ನೀರಾಗ್ತದೆ. ನಮ್ಮನೇಲಿ ಒಲೆ ಪಕ್ಕ ಉಪ್ಪಿನ ಬುಟ್ಟಿ ತೂಗಿ ಕಟ್ಟಿ, ಕೆಳಗೆ ತೆಂಗಿನ ಗೆರಟೆ ಇಡ್ತಿದ್ರು. ಇಡೀ ಮಳೆಗಾಲ ಟಪ್ ಟಪ್ ಅಂತ ನೀರು ಬೀಳ್ತಿತ್ತು. ಆ ಗೆರಟೆ ಚೆಲ್ಲೂದೇ ನನ್ನ ಕೆಲ್ಸ. ಈಗ ಡಬ್ಬಿಗೆ ಮುಚ್ಚಳ ಬಂತು, ನಂಗೆ ಮರ್ತೋಯ್ತು."

ಒಬ್ಬ ಹುಡುಗ ಬಂದು ಬೆರಳು ಅದ್ದಿ ನೆಕ್ಕಿದ. "ಹೌದು, ಉಪ್ಪೇ," ಎಂದು ಎಲ್ಲರಿಗೂ ಸಾರಿದ. ಆಮೇಲೆ ಹುಬ್ಬು ಗಂಟಿಕ್ಕಿ ಕೇಳಿದ, "ಹೆಜ್ಜೆ ಹೋಯ್ತಲ್ಲ, ಇನ್ನು ಮರಿ ಮನೆಗೆ ಹೋಗೂದು ಹೆಂಗೆ?"

ಅಕ್ಕ ಮೂಗು ಒರೆಸಿಕೊಂಡು ಹೇಳಿದಳು, "ಅದರಜ್ಜಿ ಕರೀತದೆ. ದನಿ ಕೇಳಿ ಬರ್ತದೆ."

"ಹೆಂಗೆ ಕರೀತದೆ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಗೆರಸಿಯ ಅಂಚು ಹಿಡಿದುಕೊಂಡು ಮುದಿ ಕುರಿಯ ಹಾಗೆ "ಬ್ಯಾ" ಎಂದೆ. ಒದ್ದೆ ಕುರಿಮರಿಯನ್ನು ಅಕ್ಕ ಬೇಲಿ ದಾಟಿಸಿದಳು. ಇನ್ನೊಂದು ಸಲ, ಇನ್ನೊಂದು ಸಲ ಎಂದು ಮಕ್ಕಳು ಮರಿ ಬೆಂಕಿಪೊಟ್ಟಣದ ಮನೆ ಬಾಗಿಲು ಮುಟ್ಟುವ ತನಕ ನನ್ನಿಂದ ಕೂಗಿಸಿದರು. ಉಳಿದ ಪುಟಗಳನ್ನು ಅಕ್ಕ ತಡವರಿಸದೆ ಓದಿದಳು.

ಮನೆಗೆ ಬರುವಾಗ ಮಳೆ ನಿಂತಿತ್ತು. ಖಾಲಿ ಗೆರಸಿಯನ್ನು ಅವಳು ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದಳು.

"ಅಜ್ಜಿ, ನಿನ್ನ ದನಿ ಹಿಂದಿನ ಬೆಂಚಿಗೆ ಕೇಳ್ತಾನೇ ಇರ್ಲಿಲ್ಲ."

"ಮತ್ತೆ ಅಲ್ಲಿದ್ದ ಮಕ್ಕಳು?"

"ಎದ್ದು ಮುಂದೆ ಬಂದು ಕೂತಿದ್ರು. ನೀ ನೋಡ್ಲಿಲ್ವಾ?"

ನೋಡಿರಲಿಲ್ಲ. ನಾನು ಕುರಿಮರಿಯನ್ನೇ ನೋಡುತ್ತಿದ್ದೆ.