ಕಿರ್ ಎನ್ನದ ಮೊಣಕಾಲಿಗಾಗಿ

ಬೆಳಗ್ಗೆ ಏಳಕ್ಕೆ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತು ಕಿಲೋದ ಪೆಟ್ಟಿಗೆಯನ್ನು ಬ್ಯಾಡಗಿ ಬಸ್ಸಿಗೆ ಏರಿಸಿದೆ. ಹೆಂಗಸಾದ ನನಗೆ ಟಿಕೆಟ್ ಪುಕ್ಕಟೆ, ಪೆಟ್ಟಿಗೆಗೆ ಮಾತ್ರ ಲಗೇಜ್ ಚೀಟಿ.

"ಹೊಲಿಗಿ ಮಷೀನ ಏನ್ರಿ ಅಕ್ಕಾರ?" ಎಂದ ಕಂಡಕ್ಟರ್.

ನನಗೆ ಸಿಟ್ಟು ನೆತ್ತಿಗೇರಿತು. ಪೆಡಲ್ ಸ್ಟೀಲ್ ಗಿಟಾರ್ ಎಂದೆ. ನಾಲ್ಕು ಕಾಲಿನ ಮೇಜಿನಂಥ ವಾದ್ಯ, ಹತ್ತು ತಂತಿ, ಪಾದಕ್ಕೆ ಪೆಡಲು, ಮೊಣಕಾಲಿನಿಂದ ಒತ್ತಲು ಲೋಹದ ಪಟ್ಟಿ. ಪಟ್ಟಿ ಒತ್ತಿದರೆ ಸ್ವರ ಮೆಲ್ಲಗೆ ಜಾರುತ್ತದೆ ಎಂದು ಪಾಠವನ್ನೇ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಆತು ಬಿಡ್ರಿ, ಮಷೀನ ಅಂತನ ತಿಳಕೊಂತೇನಿ" ಎಂದ.

ಬ್ಯಾಡಗಿಯಲ್ಲಿ ಸಲೀಂ ಕಾಯುತ್ತಿದ್ದ. ಕೀಬೋರ್ಡ್ ನುಡಿಸುವ ಹಳೇ ಗೆಳೆಯ. ಹಡಗಿನ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿ ಅವತ್ತೇ ಹೊರಟವನು, ಮತ್ತೆ ಸಿಗುವುದು ಎಂಟು ತಿಂಗಳಿಗೆ. ಸಂಜೆ ಐದೂವರೆಗೆ ಅವನ ರೈಲು. ಮೂರು ವರ್ಷ ತಿದ್ದಿ ತೀಡಿದ ನನ್ನ ಒಂದೇ ಒಂದು ಜಾಝ್ ಧುನ್ ಅಷ್ಟರೊಳಗೆ ರೆಕಾರ್ಡ್ ಆಗಬೇಕಿತ್ತು.

ಅವನ ಮಾವನ ಮೆಣಸಿನಕಾಯಿ ಗೋದಾಮೇ ನಮ್ಮ ಸ್ಟುಡಿಯೋ. ಸುತ್ತಲೂ ಚೀಲದ ಗೋಡೆ, ಚೂರೂ ಮಾರ್ದನಿ ಇಲ್ಲ, ಆದರೆ ಉಸಿರೆಳೆದರೆ ಸೀನು. ತೊಟ್ಟು ಬಿಡಿಸುತ್ತಿದ್ದ ಗಿರಿಜವ್ವ ಬೆಲ್ಲದ ಚೂರು ಕೊಟ್ಟು, "ಬಾಯಾಗ ಇಟ್ಕೊಂಡು ಕುಂದರ್ರಿ, ಘಾಟ ಹತ್ತಂಗಿಲ್ಲ" ಎಂದಳು. ಖರೇ, ಸೀನು ನಿಂತಿತು.

ಸೀನು ನಿಂತ ಮೇಲೆಯೇ ಇನ್ನೊಂದು ಕೇಳಿಸಿದ್ದು. ಕಿರ್. ನನ್ನದು ಕೂಸು ಮಲಗಿಸುವಷ್ಟು ಮೆತ್ತನೆಯ ಜಾಝ್, ಮೊಣಕಾಲಿನ ಪಟ್ಟಿ ಒತ್ತಿದಾಗಲೆಲ್ಲ ಮೈಕಿನೊಳಗೆ ಕಿರ್. ಮನೆಯ ಫ್ಯಾನಿನ ಸಪ್ಪಳದಲ್ಲಿ ಅದು ನನಗೆ ಮೂರು ವರ್ಷ ಕೇಳಿಸಿರಲೇ ಇಲ್ಲ. ಗಿರಿಜವ್ವನ ಕೊಬ್ಬರಿ ಎಣ್ಣೆ ಬಿಟ್ಟೆವು. ಕಿರ್ ಹೋಗಿ ಕಿರ್ರ್ರ್ ಆಯಿತು. ಗಂಟೆ ಹನ್ನೊಂದು. ನನಗೆ ಅಳುವುದೊಂದು ಬಾಕಿ.

ಆಗ ಕಂಡಕ್ಟರನ ಮಾತು ನೆನಪಾಯಿತು. ಹೊಲಿಗೆ ಮಷೀನು ರಿಪೇರಿ ಮಾಡುವವರು ಯಾರಿದ್ದಾರೆ ಎಂದು ಕೇಳಿದೆ. "ರಾಣೆಬೆನ್ನೂರಾಗ ನಮ್ಮ ಹನುಮಂತಣ್ಣ ಅದಾನಲ್ಲ" ಎಂದಳು ಗಿರಿಜವ್ವ.

ಮಾವನ ಗೂಡ್ಸ್ ಆಟೋದಲ್ಲಿ ಗಿಟಾರು ಹಾಕಿಕೊಂಡು ಹೊರಟೆವು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿದ ಮೇಲೆ ಬಿಸಿಲು ರಣ ರಣ, ಮುಂದೆ ಗೋವಿನಜೋಳದ ಲಾರಿಗಳ ಸಾಲು. ನಾನು ಹಿಂದೆ ಕೂತು ಗಿಟಾರನ್ನು ತಬ್ಬಿಕೊಂಡಿದ್ದೆ.

ರಾಣೆಬೆನ್ನೂರಿನ ಅಂಗಡಿಯಲ್ಲಿ ಹನುಮಂತಣ್ಣ ನೆಲಕ್ಕೆ ಕೂತು, ಪಟ್ಟಿಗೆ ಕಿವಿ ಹಚ್ಚಿ ನಾಲ್ಕು ಸಲ ಒತ್ತಿದ. ಬೆರಳು ಮೂಸಿ ನೋಡಿದ. "ಕೊಬ್ಬರಿ ಎಣ್ಣಿ ಯಾರು ಹಾಕ್ಯಾರ? ಅದು ತಲಿಗೆ ಹಚ್ಚೂದ್ರಿ!"

ನಾನು ಸಲೀಂನ ಕಡೆ ಕೈ ತೋರಿಸಿದೆ.

"ದೊಡ್ಡ ಹೊಲಿಗಿ ಮಷೀನಿಗೂ ಹಿಂಗ ಮೊಣಕಾಲ ಪಟ್ಟಿ ಇರತೈತ್ರಿ. ಪಿನ್ ಸವದೈತಿ, ಅಷ್ಟ" ಎಂದವನು ಹಳೇ ಮಷೀನೊಂದರ ಪಿನ್ ಕಿತ್ತು, ಅರದಿಂದ ತಿಕ್ಕಿ ಕೂಡಿಸಿದ. ನಾವು ಮಿರ್ಚಿ, ಮಂಡಕ್ಕಿ ತಿಂದು ಮುಗಿಸುವಷ್ಟರಲ್ಲಿ ಮಷೀನೆಣ್ಣೆಯೂ ಬಿದ್ದಿತ್ತು. ಒಂದು ಧುನ್ ನುಡಿಸಲೇ ಎಂದೆ.

"ಬ್ಯಾಡ್ರಿ, ನನಗ ಹಾಡು ತಿಳಿಯಂಗಿಲ್ಲ. ರೆಕಾರ್ಡ ಆದ ಮ್ಯಾಲ ಫೋನಿಗೆ ಕಳಸ್ರಿ."

ಮತ್ತೆ ಗೋದಾಮು ಸೇರಿದಾಗ ಮೂರು ದಾಟಿತ್ತು. ಬೆಲ್ಲ ಬಾಯಿಗಿಟ್ಟು ಕೂತೆ. ಮೊದಲ ಸಲ ಸಲೀಂನೇ ಸೀನಿದ, ಬೆಲ್ಲ ಕರಗಿಹೋಗಿತ್ತಂತೆ. ಎರಡನೇ ಸಲ ಪಟ್ಟಿ ಒತ್ತಿದೆ, ಸ್ವರ ಜಾರಿತು, ಬರೀ ಸ್ವರ. ಇದು ನಾನೇ ನುಡಿಸುತ್ತಿರುವುದೇ ಎನಿಸಿತು. ಗಿರಿಜವ್ವ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ಕೂತಿದ್ದಳು. ಕೊನೆಯ ಸ್ವರ ಆರುವವರೆಗೂ ಯಾರೂ ಅಲುಗಲಿಲ್ಲ. ಆಮೇಲೆ ಸಲೀಂ ಕೂಗಿದ ಕೂಗು ಪೇಟೆಗೇ ಕೇಳಿಸಿರಬೇಕು. ಅವನಿಗೆ ರೈಲು ಸಿಕ್ಕಿತು.

ಹಾವೇರಿ ಬಸ್ಸಿನಲ್ಲಿ ಬೇರೆ ಕಂಡಕ್ಟರ್. ಪೆಟ್ಟಿಗೆಯಲ್ಲಿ ಏನೆಂದು ಕೇಳಿದ. "ಹೊಲಿಗಿ ಮಷೀನ ರೀ" ಎಂದೆ.

ಬಸ್ಸಿನಿಂದಲೇ ಧುನ್ ಕಳಿಸಿದ್ದೆ, ಊರು ಹತ್ತಿರ ಬಂದಾಗ ಹನುಮಂತಣ್ಣನ ಫೋನು. "ಅಕ್ಕಾರ, ಕಿವಿಗೆ ಹಚ್ಚಿಕೊಂಡು ಮೂರು ಸಲ ಕೇಳೇನ್ರಿ. ನಾ ಮಾಡಿದ್ದು ಎಲ್ಲೂ ಕೇಳಸವಲ್ದು."

"ಇಲ್ಲಣ್ಣ, ಕಿರ್ ಎಲ್ಲೂ ಇಲ್ಲ."

"ಹಂಗಾರ ಛಲೋ ಆಗೇತಿ ಬಿಡ್ರಿ" ಎಂದ. ಫೋನ್ ಇಡಲಿಲ್ಲ. "ಇನ್ನೊಮ್ಮಿ ಕೇಳತೇನಿ. ಈ ಸಲ ಹಾಡು ಕೇಳತೇನಿ."