ಎಡಗೈಯ ರೊಟ್ಟಿ

ಬಲಗೈಗೆ ನಾವು ಕೊಡುವ ಮರ್ಯಾದೆಯನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಪ್ರಸಾದಕ್ಕೆ ಅದು, ಆರತಿಗೆ ಅದು, ತುತ್ತಿಗೆ ಅದು. ಬೀಗರು ಬಂದರೆ ನೀರಿನ ತಂಬಿಗೆ ಕೊಡುವುದಕ್ಕೂ ಅದೇ. ಎಡಗೈಗೆ ವಹಿಸಿದ ಕೆಲಸಗಳನ್ನು ಕಾಗದದ ಮೇಲೆ ಬರೆಯುವುದು ಸಭ್ಯವಲ್ಲ. ಅವಳಿ ಮಕ್ಕಳಲ್ಲಿ ಒಬ್ಬಳನ್ನು ಪಟ್ಟದರಾಣಿ ಮಾಡಿ ಇನ್ನೊಬ್ಬಳನ್ನು ಸಗಣಿ ಬಳಿಯಲು ಹಚ್ಚಿದಂತಹ ಈ ಪಕ್ಷಪಾತವನ್ನು ನಾನೂ ಮೂವತ್ತು ವರ್ಷ ನಿಷ್ಠೆಯಿಂದ ಪಾಲಿಸಿದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅದಕ್ಕಿಂತ ದೊಡ್ಡ ವಿಚಾರ ಹೊಳೆಯುವುದಾದರೂ ಹೇಗೆ?

ಹೊಳೆಯಿಸಿದವರು ನಮ್ಮ ಅತ್ತೆ. ನಮ್ಮೂರು ಹವಳಗಾದ ಸುತ್ತ ಅವರಷ್ಟು ತೆಳ್ಳಗೆ ಜೋಳದ ರೊಟ್ಟಿ ಬಡಿಯುವವರು ಇರಲಿಲ್ಲ. ಅದನ್ನು ಅವರಷ್ಟು ಸಲ ಹೇಳಿಕೊಳ್ಳುವವರೂ ಇರಲಿಲ್ಲ. ಒಂದು ಮುಂಜಾನೆ ಲಕ್ವ ಹೊಡೆದು ಅವರ ಬಲಭಾಗ ಬಿದ್ದುಹೋಯಿತು. ಎಡಗೈ ಗಟ್ಟಿಮುಟ್ಟಾಗಿಯೇ ಇತ್ತು, ಆದರೆ ಅರವತ್ತು ವರ್ಷ ಅದಕ್ಕೆ ಯಾರೂ ಏನೂ ಕಲಿಸಿರಲಿಲ್ಲ. ಎತ್ತಿದ ತುತ್ತು ಬಾಯಿ ತಪ್ಪಿ ಗದ್ದಕ್ಕೆ ಬಡಿಯುತ್ತಿತ್ತು. ಮನೆಮಂದಿಯೆಲ್ಲ ಕಣ್ಣೀರು ಹಾಕಿದರು. ಕಣ್ಣೀರಿನಿಂದ ತುತ್ತು ಬಾಯಿಗೆ ಹೋಗುವುದಿಲ್ಲ. ನಾಳೆ ನನಗೂ ಹೀಗಾದರೆ ಎಂದುಕೊಂಡು ನಾನು ಅಂದು ಸಂಜೆಯೇ ಬಲಗೈಯನ್ನು ಸೆರಗಿನಲ್ಲಿ ಬಿಗಿದುಕೊಂಡು ಒಲೆಯ ಮುಂದೆ ಕುಳಿತೆ.

ಒಂದೇ ಕೈಯಲ್ಲಿ ಹಿಟ್ಟು ನಾದಬಹುದು, ಬಡಿಯಲೂಬಹುದು. ಬಡಿದ ರೊಟ್ಟಿಯನ್ನು ಹರಿಯದಂತೆ ಎತ್ತಿ ಹಂಚಿಗೆ ಹಾಕುವುದೇ ಮಹಾವಿದ್ಯೆ. ಮೊದಲ ತಿಂಗಳ ರೊಟ್ಟಿಗಳನ್ನೆಲ್ಲ ಎಮ್ಮೆ ಯಾವ ಟೀಕೆಯನ್ನೂ ಮಾಡದೆ ತಿಂದಿತು. ಆಮೇಲೆ ಉಪಾಯ ತಿಳಿಯಿತು: ರೊಟ್ಟಿಯನ್ನು ಮಣೆಯ ಅಂಚಿಗೆ ಸರಿಸಿ, ಅರ್ಧ ಹೊರಗೆ ಚಾಚಿದಾಗ ಕೆಳಗಿನಿಂದ ಅಂಗೈ ಒಡ್ಡಬೇಕು. ನಮ್ಮ ಮನೆಯವರು ಎಡಗೈ ರೊಟ್ಟಿ ತಮ್ಮ ತಾಟಿಗೆ ಬರಕೂಡದೆಂದು ಮೊದಲೇ ತಾಕೀತು ಮಾಡಿದ್ದರು. ಒಂದು ಶ್ರಾವಣ ಪೂರ್ತಿ ಗುಟ್ಟಾಗಿ ಅದನ್ನೇ ತಿನ್ನಿಸಿದೆ. “ಈಗೀಗ ನಿನ್ನ ಕೈ ಹದಕ್ಕ ಬಂದದ ನೋಡು,” ಎಂದರು. ಯಾವ ಕೈ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಜೇವರ್ಗಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಅಡುಗೆಯವಳು ಬೇಕೆಂಬ ಸುದ್ದಿ ಬಂತು. ನನ್ನ ಮಗಳು ಮಹಾನಂದಾ ಏಳನೆಯದು ಪಾಸಾಗಿದ್ದಳು. ನಮ್ಮೂರಿನಲ್ಲಿ ಮುಂದಿನ ಶಾಲೆ ಇರಲಿಲ್ಲ. ನನಗೆ ಕೆಲಸ ಸಿಕ್ಕರೆ ಅವಳಿಗೆ ಎಂಟನೆಯ ಇಯತ್ತೆ, ಸಿಗದಿದ್ದರೆ ಭಾವನವರು ಗೊತ್ತುಮಾಡಿಟ್ಟ ವರ. ದೇವಿಗೆ ಒಂದು ಮಾತು ಹಾಕಿಬರೋಣವೆಂದು ಅಮಾವಾಸ್ಯೆಗೆ ಘತ್ತರಗಿಗೆ ಹೋದವಳು ಅವಸರದಲ್ಲಿ ಬಸ್ಸಿನ ಮೆಟ್ಟಿಲು ತಪ್ಪಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡೆ. ಹಾಸ್ಟೆಲ್ಲಿನವರು ಇಟ್ಟಿದ್ದ ರೊಟ್ಟಿಯ ಪರೀಕ್ಷೆಗೆ ಐದೇ ದಿನ ಉಳಿದಿತ್ತು.

ಹಾಸ್ಟೆಲ್ಲಿನ ಅಂಗಳದಲ್ಲಿ ಹನ್ನೊಂದು ಒಲೆ, ಹನ್ನೊಂದು ಹೆಂಗಸರು. ಬಿದಿರು ದಬ್ಬೆ ಕಟ್ಟಿದ ನನ್ನ ಕೈಯನ್ನು ಕಂಡು, ಪರೀಕ್ಷೆ ಮಾಡಲು ಬಂದಿದ್ದ ಸಾಹೇಬರಿಗೆ ಮರುಕ ಬಂತು.

“ಒಂದ ಕೈಲೆ ಹ್ಯಾಂಗ ಮಾಡ್ತಿ ಯವ್ವಾ? ಬರೋ ವರ್ಷ ಬಾ.”

“ಬರೋ ವರ್ಷ ನನ್ನ ಮಗಳಿಗಿ ಲಗ್ನ ಆಗಿರ್ತದ್ರಿ. ಇವತ್ತ ಹಿಟ್ಟ ಕೊಡ್ರಿ.”

ಕೊಟ್ಟರು. ಪಕ್ಕದ ಒಲೆಯವಳು ನನ್ನನ್ನೇ ನೋಡುತ್ತ ತನ್ನ ರೊಟ್ಟಿ ಸೀಯಿಸಿಕೊಂಡಳು.

“ಎಡಗೈ ರೊಟ್ಟಿ ಯಾರ ತಿಂತಾರಬೇ?”

“ಬಲಗೈಲೆ ತಿಂತಾರ. ನೀ ಸುಮ್ನ ಬಡಿ.”

ಉಳಿದವರ ರೊಟ್ಟಿಗಳು ಬೇಗ ಬೇಗ ಎದ್ದವು, ಸುಳ್ಳು ಹೇಳಲಾರೆ. ನನ್ನವು ತಡವಾಗಿ ಎದ್ದವು, ಆದರೆ ಒಂದೂ ಹರಿಯಲಿಲ್ಲ, ಒಂದೂ ಸೀಯಲಿಲ್ಲ; ನೀರು ಸವರಿ ಮಗುಚಿದರೆ ಹುಣ್ಣಿಮೆ ಚಂದ್ರನಂತೆ ಉಬ್ಬಿದವು. ಸಾಹೇಬರು ಬೇಳೆಯ ಪಲ್ಯ ಹಚ್ಚಿಕೊಂಡು ಎರಡು ತಿಂದರು, ಮೂರನೆಯದಕ್ಕೆ ಕೈ ಚಾಚಿದರು. ಆಮೇಲೆ, ಬಲಗೈ ಕೂಡಿಕೊಂಡ ಮೇಲೆ ನನ್ನ ವೇಗ ಎಷ್ಟಾದೀತೆಂದು ಕೇಳಿದರು. ಎರಡು ಪಟ್ಟು ಆಗುತ್ತದೆ, ಪಗಾರ ಮಾತ್ರ ಒಂದೇ ಸಾಕು ಎಂದೆ. ಕೆಲಸ ನನ್ನದಾಯಿತು.

ಇದರ ನೀತಿ ಏನೆಂದು ಕೇಳಿದರೆ ನನ್ನಲ್ಲಿ ದೊಡ್ಡ ಮಾತಿಲ್ಲ. ಬೇಕಾಗುವುದಕ್ಕೆ ಮೊದಲೇ ಕಲಿಯುವವಳನ್ನು ಜನ ಹುಚ್ಚಿ ಎನ್ನುತ್ತಾರೆ, ಬೇಕಾದ ದಿನ ಅದೃಷ್ಟವಂತೆ ಎನ್ನುತ್ತಾರೆ. ಎರಡನ್ನೂ ಕೇಳಿಸಿಕೊಂಡು ಹಿಟ್ಟು ನಾದುತ್ತಿರಬೇಕು, ಅಷ್ಟೆ.

ಜೂನಿನಲ್ಲಿ ಮಹಾನಂದಾಳನ್ನು ಹೈಸ್ಕೂಲಿಗೆ ಸೇರಿಸಲು ಕರೆದೊಯ್ದೆ. ನನ್ನ ದಬ್ಬೆ ಇನ್ನೂ ಬಿಚ್ಚಿರಲಿಲ್ಲ. ಗುಮಾಸ್ತರು ಅರ್ಜಿ ಬರೆದು ಮುಗಿಸಿ, ನನ್ನ ಕೈಯನ್ನೊಮ್ಮೆ ನೋಡಿ, ಹೆಬ್ಬೆಟ್ಟಿನ ಮಸಿ ಡಬ್ಬಿಯನ್ನು ಮುಂದೆ ಸರಿಸಿದರು. ಪೆನ್ನು ಕೊಡಿರೆಂದು ಕೇಳಿ ಪಡೆದು ಎಡಗೈಯಲ್ಲಿ ಸಹಿ ಮಾಡಿದೆ. ಅಕ್ಷರಗಳು ಕುಡಿದವರಂತೆ ಒಂದರ ಮೇಲೊಂದು ಬಿದ್ದವು. ರೊಟ್ಟಿ ಕಲಿತ ಸೊಕ್ಕಿನಲ್ಲಿ ಇದೊಂದನ್ನು ಆ ಕೈಗೆ ಕಲಿಸುವುದು ನನಗೆ ಹೊಳೆದೇ ಇರಲಿಲ್ಲ. ಮಗಳು ತನ್ನ ತರಗತಿಗೆ ಹೋಗಿ ಕುಳಿತಳು. ನಾನು ಪೇಟೆಯಲ್ಲಿ ಒಂದು ಪಾಟಿ, ಒಂದು ಬಳಪ ಕೊಂಡುಕೊಂಡು ಹಾಸ್ಟೆಲ್ಲಿಗೆ ಮರಳಿದೆ.